ಆಟದ ಬಂದೂಕಿನ ಆಯ್ಕೆ ಮತ್ತು ಅನರ್ಥದಂಡ ವಿರತಿ

ಗೃಹಸ್ಥನಾದ ಶ್ರಾವಕನಿಗೆ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸುವುದು ಅಶಕ್ಯವೆಂಬುದನ್ನು ಜಿನಶಾಸನವು ಬಲ್ಲದು. ಆದುದರಿಂದಲೇ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಗಳಲ್ಲಿ ಹಿಂಸೆಯನ್ನು ವಿಂಗಡಿಸಿ, ಮೊದಲನೆಯದನ್ನು ಪೂರ್ಣವಾಗಿಯೂ ಉಳಿದ ಮೂರನ್ನು ಯಥಾಶಕ್ತಿಯಾಗಿಯೂ ಬಿಡಬೇಕೆಂದು ವಿಧಿಸಲಾಗಿದೆ. ಅಡುಗೆ ಮಾಡುವವನು, ಮನೆ ಕಟ್ಟುವವನು ಆರಂಭೀ ಹಿಂಸೆಗೆ ಒಳಗಾಗುತ್ತಾನೆ. ಕೃಷಿ ವಾಣಿಜ್ಯಗಳಲ್ಲಿ ತೊಡಗಿದವನಿಗೆ ಉದ್ಯೋಗೀ ಹಿಂಸೆ ತಪ್ಪಿದ್ದಲ್ಲ. ಪ್ರಜೆಗಳನ್ನು ಕಾಯಲು ಶಸ್ತ್ರ ಹಿಡಿದವನದು ವಿರೋಧೀ ಹಿಂಸೆ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಸೇನಾಪತಿಯೂ ಆಗಿದ್ದನು, ಪರಮಶ್ರಾವಕನೂ ಆಗಿದ್ದನು.

ಆದರೆ ಆಟವೆಂಬುದು ಈ ನಾಲ್ಕರಲ್ಲಿ ಎಲ್ಲಿ ಸೇರುತ್ತದೆ? ಆಟವು ಅಡುಗೆಯಲ್ಲ, ಜೀವನೋಪಾಯವಲ್ಲ, ಆತ್ಮರಕ್ಷಣೆಯೂ ಅಲ್ಲ. ಆಟದಲ್ಲಿ ಹಿಂಸೆಯ ಅಂಶವೇನಾದರೂ ಇದ್ದರೆ, ಅದಕ್ಕೆ ಅನಿವಾರ್ಯತೆಯ ಆಸರೆ ದೊರೆಯಲಾರದು. ಪ್ರಯೋಜನವಿಲ್ಲದೆ ಜೀವಕ್ಕೆ ಬಾಧೆ ತರುವ ಮನೋವಚನಕಾಯಗಳ ವ್ಯಾಪಾರಕ್ಕೆ ಶ್ರಾವಕಾಚಾರ ಗ್ರಂಥಗಳು ಅನರ್ಥದಂಡವೆಂದು ಹೆಸರಿಟ್ಟಿವೆ. ಆಟದ ಪ್ರಶ್ನೆಯನ್ನು ವಿಚಾರಿಸಬೇಕಾದುದು ಈ ವ್ರತದ ಬೆಳಕಿನಲ್ಲಿಯೇ.

ಈ ವಿಚಾರವು ಕೇವಲ ಶಾಸ್ತ್ರಚರ್ಚೆಗಾಗಿ ಹುಟ್ಟಿದುದಲ್ಲ. ಅಮೆರಿಕೆಯಲ್ಲಿ ನೆಲೆಸಿರುವ ಕುಟುಂಬಗಳ ಮಕ್ಕಳಿಗೆ ಪೇಂಟ್‌ಬಾಲ್ ಎಂಬ ಆಟ ಚಿರಪರಿಚಿತವಾದುದು. ಸಹಪಾಠಿಗಳ ಹುಟ್ಟುಹಬ್ಬಕ್ಕೆ ಆಹ್ವಾನ ಬಂದರೆ ಅದು ಪೇಂಟ್‌ಬಾಲ್ ಮೈದಾನಕ್ಕೇ ಬರಬಹುದು. ಬೆಂಗಳೂರಿನ ಸುತ್ತಮುತ್ತಲೂ ಇಂಥ ಮೈದಾನಗಳಿವೆ. ನಾಲ್ಕಾರು ಸಲ ಬಾಡಿಗೆಯ ಬಂದೂಕಿನಿಂದ ಆಡಿ ರುಚಿ ಕಂಡ ತರುಣನು ತನ್ನದೇ ಆದ ಒಂದನ್ನು ಕೊಡಿಸೆಂದು ತಂದೆಯನ್ನು ಕೇಳುತ್ತಾನೆ. ಅಂಗಡಿಯವನಲ್ಲಿ ಅದಕ್ಕೆ ಎರಡು ಪ್ರಶ್ನೆಗಳು ಸಿದ್ಧವಾಗಿರುತ್ತವೆ: ಆಡುವವನ ಪರಿಣತಿ ಎಷ್ಟು, ಕೊಳ್ಳುವವನ ಕೈಯಲ್ಲಿರುವ ಹಣವೆಷ್ಟು? ಪ್ರಶ್ನೆಗಳೇನೋ ಸರಿಯಾದವೇ. ಆದರೆ ಶ್ರಾವಕನಾದ ತಂದೆಗೆ ಇವೆರಡರ ಹಿಂದೆ ಇನ್ನೆರಡು ಪ್ರಶ್ನೆಗಳಿವೆ: ಆ ಗುಂಡು ಯಾವುದರಿಂದ ಆದುದು, ಅದನ್ನು ಹಾರಿಸುವಾಗ ಮಗನ ಮನಸ್ಸು ಏನಾಗುತ್ತದೆ?

ಮೊದಲಿಗೆ ವಸ್ತುವಿನ ಸ್ವರೂಪವನ್ನು ತಿಳಿಯುವುದು ಯುಕ್ತ. ಈ ಬಂದೂಕು ಆಟಕ್ಕಾಗಿ ಹುಟ್ಟಿದುದಲ್ಲ. ಅರಣ್ಯದಲ್ಲಿ ಕಡಿಯಬೇಕಾದ ಮರಗಳಿಗೂ ಹಿಂಡಿನಿಂದ ಬೇರ್ಪಡಿಸಬೇಕಾದ ದನಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕುವ ಸಾಧನವಾಗಿ ನೆಲ್ಸನ್ ಪೇಂಟ್ ಕಂಪನಿಯು ಅದನ್ನು ಮಾರುತ್ತಿತ್ತು. ಇಂದಿಗೂ ಆಟಗಾರರು ಅದನ್ನು ಬಂದೂಕೆನ್ನದೆ ಮಾರ್ಕರ್, ಅಂದರೆ ಗುರುತು ಹಾಕುವ ಉಪಕರಣ, ಎಂದೇ ಕರೆಯುತ್ತಾರೆ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ ಚಾರ್ಲ್ಸ್ ಗೇನ್ಸ್, ಹೇಯ್ಸ್ ನೋಯೆಲ್, ಬಾಬ್ ಗರ್ನ್ಸಿ ಎಂಬ ಮೂವರು ಮತ್ತು ಅವರು ಕರೆದ ಗೆಳೆಯರು, ಒಟ್ಟು 12 ಮಂದಿ, ಈ ಉಪಕರಣವನ್ನು ಹಿಡಿದು ಮೊದಲ ಪಂದ್ಯವನ್ನು ಆಡಿದರು. ಕಾಡಿನ ಬೇರೆಬೇರೆ ಕಡೆಗಳಲ್ಲಿ ನೆಟ್ಟ ಬಾವುಟಗಳನ್ನು, ಗುಂಡು ತಗುಲಿಸಿಕೊಳ್ಳದೆ, ಮೊದಲು ಕೂಡಿಸಿ ತಂದವನೇ ವಿಜೇತ. ಆ ದಿನ ಗೆದ್ದವನು ಅರಣ್ಯವೃತ್ತಿಯ ಒಬ್ಬಾತ. ಅವನು ಪಂದ್ಯದುದ್ದಕ್ಕೂ ಒಂದು ಗುಂಡನ್ನೂ ಹಾರಿಸಲಿಲ್ಲ. ಮರಗಳ ನಡುವೆ ಸದ್ದಿಲ್ಲದೆ ನಡೆಯಬಲ್ಲವನಿಗೆ ಬಂದೂಕಿನ ಅಗತ್ಯವೇ ಬೀಳಲಿಲ್ಲವೆಂಬುದು ಈ ಆಟದ ಇತಿಹಾಸದ ಮೊದಲ ಪುಟದಲ್ಲಿಯೇ ಇದೆ.

ಇಂದಿನ ಸಾಮಾನ್ಯ ಗುಂಡು 0.68 ಅಂಗುಲ ವ್ಯಾಸದ್ದು, ತೂಕ ಸುಮಾರು 3 ಗ್ರಾಂ. ಇಂಗಾಲದ ಡೈ ಆಕ್ಸೈಡ್ ಅಥವಾ ಒತ್ತಿ ತುಂಬಿದ ಗಾಳಿಯ ಬಲದಿಂದ ಅದು ಹಾರುತ್ತದೆ. ಮೈದಾನಗಳಲ್ಲಿ ಅದರ ವೇಗವನ್ನು ಯಂತ್ರದಿಂದ ಅಳೆದು, ಸೆಕೆಂಡಿಗೆ 280ರಿಂದ 300 ಅಡಿಯ ಮೇಲೆ ಹೋಗದಂತೆ ತಡೆಯುತ್ತಾರೆ. ಮೈಗೆ ತಗುಲಿದರೆ ಬಾಸುಂಡೆ ಏಳುತ್ತದೆ. ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಮಕ್ಕಳಿಗಾಗಿ 0.50 ಅಂಗುಲದ, ತೂಕದಲ್ಲಿ ಅರ್ಧಕ್ಕಿಂತಲೂ ಕಡಿಮೆಯಾದ, ಮೆಲ್ಲನೆ ಹಾರುವ ಗುಂಡುಗಳ ಮಾದರಿಯೂ ಉಂಟು.

ಮಾರ್ಕರುಗಳು ಸ್ಥೂಲವಾಗಿ ಮೂರು ಬಗೆ. ಪ್ರತಿಯೊಂದು ಹೊಡೆತಕ್ಕೂ ಕೈಯಿಂದ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಬೇಕಾದ ಪಂಪ್ ಮಾದರಿ ಮೊದಲನೆಯದು. ಕುದುರೆಯನ್ನು ಒಮ್ಮೆ ಎಳೆದರೆ ಒಂದು ಗುಂಡು ಹಾರಿ, ಮುಂದಿನದು ತಾನಾಗಿ ಬಂದು ನಿಲ್ಲುವ ಯಾಂತ್ರಿಕ ಮಾದರಿ ಎರಡನೆಯದು. ಬ್ಯಾಟರಿಯ ನೆರವಿನಿಂದ ಸೆಕೆಂಡಿಗೆ 10ಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಬಲ್ಲ ವಿದ್ಯುನ್ಮಾನ ಮಾದರಿ ಮೂರನೆಯದು. ಹೊಸಬರಿಗೆ ಬಲ್ಲವರು ಹೇಳುವ ಮಾತು ಬಹುಮಟ್ಟಿಗೆ ಒಂದೇ: ಮೊದಮೊದಲು ಬಾಡಿಗೆಯ ಉಪಕರಣದಿಂದಲೇ ಆಡಬೇಕು, ಏನನ್ನಾದರೂ ಕೊಳ್ಳುವುದಾದರೆ ಮೊದಲು ಒಳ್ಳೆಯ ಮುಖಕವಚವನ್ನು ಕೊಳ್ಳಬೇಕು, ಆಮೇಲೆ ಸರಳವಾದ, ಬಿಚ್ಚಿ ಶುಚಿಗೊಳಿಸಲು ಸುಲಭವಾದ ಯಾಂತ್ರಿಕ ಮಾದರಿ. ಅದರ ಬೆಲೆ ಅಮೆರಿಕೆಯಲ್ಲಿ ಸುಮಾರು 100ರಿಂದ 200 ಡಾಲರ್. ವಿದ್ಯುನ್ಮಾನ ಮಾದರಿಗಳಲ್ಲಿ ಶ್ರೇಷ್ಠವಾದುವು 1000 ಡಾಲರನ್ನೂ ಮೀರುತ್ತವೆ. ಆದರೆ ನಿಜವಾದ ವೆಚ್ಚ ಬಂದೂಕಿನದಲ್ಲ, ಗುಂಡಿನದು. ಗುಂಡುಗಳನ್ನು ತುಂಬುವ ಬುಟ್ಟಿಯಲ್ಲಿ ಸುಮಾರು 200 ಹಿಡಿಯುತ್ತವೆ. ಸೆಕೆಂಡಿಗೆ 10 ಹಾರಿಸುವವನಿಗೆ ಅದು 20 ಸೆಕೆಂಡಿನ ಆಟ. 2000 ಗುಂಡುಗಳ ಪೆಟ್ಟಿಗೆ ಒಂದೇ ದಿನದಲ್ಲಿ ಬರಿದಾಗುವುದು ಅಸಾಮಾನ್ಯವೇನಲ್ಲ.

ಇಲ್ಲಿ ಶ್ರಾವಕನ ಮೊದಲ ಪ್ರಶ್ನೆ ಎದುರಾಗುತ್ತದೆ. ಗುಂಡಿನ ಒಳಗಿರುವ ಬಣ್ಣದ ದ್ರವದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಮುಖ್ಯವಾದುದು. ಅದು ನೀರಿನಲ್ಲಿ ತೊಳೆದುಹೋಗುವಂಥದು. ಹೊರಗಿನ ತೆಳುವಾದ ಪೊರೆಯಾದರೋ ಸಾಮಾನ್ಯವಾಗಿ ಜೆಲಟಿನ್. ಔಷಧದ ಮಿದುವಾದ ಗುಳಿಗೆಗಳನ್ನು ತಯಾರಿಸುವ ಯಂತ್ರವಿಧಾನದಿಂದಲೇ ಈ ಗುಂಡುಗಳೂ ತಯಾರಾಗುತ್ತವೆ. ಜೆಲಟಿನ್ ಎಂಬುದು ಹಂದಿ, ದನ ಮೊದಲಾದ ಪ್ರಾಣಿಗಳ ಚರ್ಮವನ್ನೂ ಮೂಳೆಯನ್ನೂ ಸಂಸ್ಕರಿಸಿ ತೆಗೆದ ಪದಾರ್ಥ. ಪಂಚೇಂದ್ರಿಯ ಜೀವಿಯ ದೇಹದಿಂದ ಬಂದ ವಸ್ತುವನ್ನು ತಿನ್ನದಿದ್ದರೂ, ಅದನ್ನು ನೂರಾರು ಸಂಖ್ಯೆಯಲ್ಲಿ ಕೊಂಡು ಮರಕ್ಕೂ ಮಣ್ಣಿಗೂ ಚೆಲ್ಲುವುದು ಆ ವಧೆಗೆ ದೊರೆತ ಅನುಮೋದನೆಯಲ್ಲವೇ? ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳನ್ನೂ ಗಮನಿಸಬೇಕೆಂಬುದು ಜಿನಾಗಮದ ಎಚ್ಚರಿಕೆ. ಕೊಳ್ಳುವವನಿಲ್ಲದೆ ಮಾರುವವನಿಲ್ಲ.

ಇದಕ್ಕೆ ತರುಣನು ಕೊಡಬಹುದಾದ ಉತ್ತರವನ್ನು ಕಡೆಗಣಿಸುವಂತಿಲ್ಲ. ಮನೆಯಲ್ಲಿ ಅಜ್ಜಿ ನುಂಗುವ ಔಷಧದ ಗುಳಿಗೆಯೂ ಜೆಲಟಿನ್ನಿನದೇ; ಅಣ್ಣ ಆಡುವ ಕ್ರಿಕೆಟ್ ಚೆಂಡಿನ ಹೊದಿಕೆ ಗೋವಿನ ಚರ್ಮ; ಹಬ್ಬದ ದಿನ ಹಾರಿಸುವ ಗಾಳಿಪಟದ ಮಾಂಜಾ ದಾರಕ್ಕೆ ಹಕ್ಕಿಗಳ ರೆಕ್ಕೆ ಕತ್ತರಿಸುತ್ತದೆ. ಅವೆಲ್ಲ ಸಲ್ಲುವುದಾದರೆ ಪೇಂಟ್‌ಬಾಲ್ ಮಾತ್ರ ಸಲ್ಲದೇಕೆ? ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಔಷಧದ ಮಾತು ಬೇರೆ. ಅಲ್ಲಿ ರೋಗನಿವಾರಣೆಯೆಂಬ ಪ್ರಯೋಜನವಿದೆ, ಸಸ್ಯಜನ್ಯ ಗುಳಿಗೆ ದೊರೆಯುವಲ್ಲಿ ಅದನ್ನೇ ಆರಿಸುವ ದಾರಿಯೂ ಇದೆ. ಆದರೆ ಚರ್ಮದ ಚೆಂಡಿಗೂ ಮಾಂಜಾ ದಾರಕ್ಕೂ ಆ ಸಮರ್ಥನೆ ಇಲ್ಲ. ಪರಿಚಿತವಾದ ಹಿಂಸೆಯನ್ನು ಸಹಿಸಿ ಅಪರಿಚಿತವಾದುದನ್ನು ಮಾತ್ರ ಖಂಡಿಸುವ ಹಿರಿಯರ ಮಾತಿಗೆ ಮಕ್ಕಳು ಬೆಲೆ ಕೊಡದಿದ್ದರೆ ತಪ್ಪು ಮಕ್ಕಳದಲ್ಲ. ಹಾಗೆಂದು ಒಂದು ದೋಷವು ಇನ್ನೊಂದಕ್ಕೆ ಪರವಾನಗಿಯೂ ಆಗದು. ಆಕ್ಷೇಪಣೆಯ ನಿಜವಾದ ಫಲವೆಂದರೆ, ಮನೆಯಲ್ಲಿರುವ ಎಲ್ಲ ಆಟದ ಸಾಮಗ್ರಿಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕೆಂಬುದು.

ಎರಡನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. ಗುಂಡು ಪ್ರಾಣಿಜನ್ಯವಲ್ಲವೆಂದೇ ಇಟ್ಟುಕೊಳ್ಳಲಿ. ಯಾರಿಗೂ ಗಾಯವಾಗಲಿಲ್ಲವೆಂದೂ ಇಟ್ಟುಕೊಳ್ಳಲಿ. ಮನುಷ್ಯನ ಆಕಾರದ ಕಡೆಗೆ ಗುರಿಯಿಟ್ಟು ಕುದುರೆಯನ್ನು ಎಳೆಯುವ ಕ್ರಿಯೆಯೇ ದೋಷವಲ್ಲವೇ? ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಹಾನಿ ಮಾಡುವುದು ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ರಾಗಾದಿ ಭಾವಗಳು ಹುಟ್ಟದಿರುವುದೇ ಅಹಿಂಸೆ, ಹುಟ್ಟುವುದೇ ಹಿಂಸೆ ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸುತ್ತಾರೆ. ಹಾಗಾದರೆ ಹೊಡೆತ ತಗುಲಿತೇ ಇಲ್ಲವೇ ಎಂಬುದಕ್ಕಿಂತ ಹೊಡೆಯುವವನ ಭಾವವೇನು ಎಂಬುದು ಮುಖ್ಯವಾಗುತ್ತದೆ.

ಕನ್ನಡದ ಶ್ರಾವಕರಿಗೆ ಇಲ್ಲಿ ತಟ್ಟನೆ ನೆನಪಾಗುವುದು 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆ. ಪ್ರಾಣಿಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹಿಟ್ಟಿನ ಕೋಳಿಗೆ ಜೀವವಿರಲಿಲ್ಲ, ರಕ್ತವಿರಲಿಲ್ಲ. ಆದರೂ ತಾಯಿಮಕ್ಕಳು ನವಿಲಾಗಿ, ನಾಯಿಯಾಗಿ, ಮತ್ತೆ ಮತ್ತೆ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು. ಕೊಲ್ಲುವೆನೆಂಬ ಸಂಕಲ್ಪವೇ ಸಾಕಾಯಿತು. ಈ ಕಥೆಯನ್ನು ಮುಂದಿಟ್ಟು, ಬಣ್ಣದ ಗುಂಡೂ ಹಿಟ್ಟಿನ ಕೋಳಿಯೇ ಎಂದು ಪೇಂಟ್‌ಬಾಲನ್ನು ನಿಷೇಧಿಸಿಬಿಡುವುದು ಸುಲಭ.

ಆದರೆ ಜಿನಕಥಾಸಾಹಿತ್ಯದಲ್ಲಿ ಇನ್ನೊಂದು ಚಿತ್ರವೂ ಇದೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ, ಅಸಂಖ್ಯ ಯೋಧರ ಪ್ರಾಣಹಾನಿಯನ್ನು ತಪ್ಪಿಸಲು ಮಂತ್ರಿಗಳು ಸೂಚಿಸಿದ ಉಪಾಯ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು. ಅವು ನಿಯಮಬದ್ಧವಾದ ಸ್ಪರ್ಧೆಗಳು. ಯುದ್ಧದ ಸ್ಥಾನದಲ್ಲಿ ನಿಂತ ಆಟಗಳೆಂದರೂ ಸಲ್ಲುತ್ತದೆ. 941ರಲ್ಲಿ ಪಂಪನು ಆದಿಪುರಾಣದಲ್ಲಿ ಈ ಪ್ರಸಂಗವನ್ನು ಕನ್ನಡಿಗರ ಮನಸ್ಸಿನಲ್ಲಿ ನಿಲ್ಲಿಸಿದನು. ಇಲ್ಲಿ ಹೋರಾಟದ ಅನುಕರಣೆಯು ಹಿಂಸೆಯ ಬೀಜವಾಗದೆ ಹಿಂಸೆಗೆ ತಡೆಯಾಯಿತು.

ಎರಡು ಕಥೆಗಳೂ ಒಂದೇ ಪರಂಪರೆಯವು. ಎರಡೂ ಸತ್ಯವಾಗಿರಬೇಕಾದರೆ ಭೇದವೆಲ್ಲಿದೆಯೆಂದು ಹುಡುಕಬೇಕು. ಹಿಟ್ಟಿನ ಕೋಳಿಯು ನಿಜವಾದ ಕೋಳಿಯ ಬದಲಿಗೆ ಇಟ್ಟುದಾದರೂ, ಕೊಲೆಯ ಫಲವನ್ನೇ ಬಯಸಿ ಅದನ್ನು ಕಡಿಯಲಾಯಿತು. ಅಲ್ಲಿ ಪ್ರತಿಮೆ ಬದಲಾಯಿತು, ಸಂಕಲ್ಪ ಬದಲಾಗಲಿಲ್ಲ. ಸೋದರರ ಸ್ಪರ್ಧೆಯಲ್ಲಾದರೋ ಸಂಕಲ್ಪವೇ ಬದಲಾಗಿತ್ತು: ಯಾರೂ ಸಾಯಬಾರದೆಂಬುದೇ ಅದರ ಉದ್ದೇಶ. ಆದರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೂರರಲ್ಲಿಯೂ ಸೋತ ಭರತನು ಮಾನಕಷಾಯದಿಂದ ಉರಿದು ನಿಯಮವನ್ನು ಮೀರಿ ತಮ್ಮನ ಮೇಲೆ ಚಕ್ರರತ್ನವನ್ನು ಪ್ರಯೋಗಿಸಿದನು. ಚಕ್ರವು ಬಾಹುಬಲಿಯನ್ನು ಬಲಗೊಂಡು ನಿಂತಿತು. ಆದರೆ ಭರತನ ಮಟ್ಟಿಗೆ ಆಟವು ಆ ಕ್ಷಣದಲ್ಲಿಯೇ ಹಿಂಸೆಯಾಗಿತ್ತು. ಆಟವು ಎಲ್ಲಿಯವರೆಗೆ ಆಟ ಎಂಬುದನ್ನು ನಿರ್ಧರಿಸುವುದು ಆಡುವವನ ಕಷಾಯವೇ ಹೊರತು ಕೈಯಲ್ಲಿರುವ ಉಪಕರಣವಲ್ಲ.

ಪೇಂಟ್‌ಬಾಲ್ ಮೈದಾನದಲ್ಲಿ ಈ ಗೆರೆಯನ್ನು ಕಣ್ಣಾರೆ ಕಾಣಬಹುದು. ಗುಂಡು ತಗುಲಿದವನು ತಾನಾಗಿಯೇ ಕೈಯೆತ್ತಿ ಹೊರನಡೆಯಬೇಕು. ಬಣ್ಣವನ್ನು ಗುಟ್ಟಾಗಿ ಒರೆಸಿಕೊಂಡು ಆಡುವವನು ಸತ್ಯಾಣುವ್ರತವನ್ನು ಭಂಗಿಸುತ್ತಾನೆ. ತೀರ ಹತ್ತಿರದಲ್ಲಿ ಎದುರಾದವನಿಗೆ ಹೊಡೆಯದೆ ಶರಣಾಗಲು ಅವಕಾಶ ಕೊಡುವ ಪದ್ಧತಿ ಅನೇಕ ಮೈದಾನಗಳಲ್ಲಿದೆ. ಆ ಅವಕಾಶವನ್ನು ಕೊಡುವವನೂ ಇದ್ದಾನೆ, ಬಾಸುಂಡೆ ಎಬ್ಬಿಸಿಯೇ ತೃಪ್ತಿಪಡುವವನೂ ಇದ್ದಾನೆ. ಸೋತು ಕೈಯೆತ್ತಿದವನ ಮೇಲೆ ಮತ್ತೆ ಮತ್ತೆ ಹೊಡೆಯುವುದು, ಹಿಂದಿನ ಸುತ್ತಿನಲ್ಲಿ ಹೊಡೆದವನನ್ನೇ ಹುಡುಕಿಕೊಂಡು ಹೋಗುವುದು, ಇವು ರೌದ್ರಧ್ಯಾನದ ಚಿಕ್ಕ ಚಿಕ್ಕ ಅಭ್ಯಾಸಗಳು. ಹೀಗೆ ಮನಸ್ಸಿನಲ್ಲಿ ಇನ್ನೊಬ್ಬರ ಸೋಲನ್ನೂ ನೋವನ್ನೂ ಮೆಲುಕು ಹಾಕುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಒಂದಾದ ಅಪಧ್ಯಾನದಲ್ಲಿ ಸೇರಿಸಬಹುದು. ಅದೇ ಐದರಲ್ಲಿ ಹಿಂಸಾದಾನವೂ ಒಂದು: ಹಿಂಸೆಗೆ ಸಾಧನವಾಗುವ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದು. ಮಗನಿಗೆ ಬಂದೂಕು ಕೊಡಿಸುವ ತಂದೆ ಯೋಚಿಸಬೇಕಾದುದು ಇದನ್ನೇ. ಕೊಡುವ ಮೊದಲು ಪಡೆಯುವವನ ಸ್ವಭಾವವನ್ನು ಬಲ್ಲವನು ತಂದೆಯೇ, ಅಂಗಡಿಯವನಲ್ಲ.

ಈ ಬೆಳಕಿನಲ್ಲಿ ಅಂಗಡಿಯ ಎರಡು ಪ್ರಶ್ನೆಗಳನ್ನು ಮತ್ತೆ ನೋಡಿದರೆ ಅವುಗಳ ಅರ್ಥವೇ ಬೇರೆಯಾಗುತ್ತದೆ. ಪರಿಣತಿಯೆಂದರೆ ಏನು? ಮಾರುಕಟ್ಟೆಯ ತರ್ಕದಲ್ಲಿ, ಆಟ ಕಲಿತಷ್ಟೂ ವೇಗದ ಬಂದೂಕು ಬೇಕು. ಆದರೆ ಪಂಪ್ ಮಾದರಿಯಿಂದ ಆಡುವವನನ್ನು ಗಮನಿಸಿದರೆ ತಿಳಿಯುತ್ತದೆ: ಒಂದೊಂದು ಹೊಡೆತಕ್ಕೂ ಕೈ ಸವೆಸಬೇಕಾದುದರಿಂದ ಅವನು ಕಾಯುತ್ತಾನೆ, ನೋಡುತ್ತಾನೆ, ಸ್ಥಳ ಬದಲಿಸುತ್ತಾನೆ, ಬೇಕಾದಾಗ ಮಾತ್ರ ಹೊಡೆಯುತ್ತಾನೆ. ಅವನಿಗೆ ದಿನಕ್ಕೆ ಬೇಕಾಗುವ ಗುಂಡುಗಳು ಬಹಳ ಕಡಿಮೆ. ನಿಜವಾದ ಪರಿಣತಿಯು ಬೇಡುವುದನ್ನು ಕಡಿಮೆ ಮಾಡುತ್ತದೆ. ಹೆನಿಕರಿನ ಕಾಡಿನಲ್ಲಿ ಒಂದೂ ಗುಂಡು ಹಾರಿಸದೆ ಗೆದ್ದವನ ಪರಿಣತಿಗೆ ಯಾವ ಅಂಗಡಿಯಲ್ಲಿಯೂ ಸಾಮಗ್ರಿ ಇರಲಾರದು. ಪರಿಣತಿಯ ಇನ್ನೊಂದು ಮುಖ ಅಪ್ರಮಾದ. ಮೈದಾನದೊಳಗೆ ಮುಖಕವಚವನ್ನು ಕ್ಷಣಕಾಲವೂ ತೆಗೆಯದಿರುವುದು, ಆಟ ನಿಂತೊಡನೆ ನಳಿಕೆಯ ಬಾಯಿಗೆ ಚೀಲ ಹಾಕುವುದು, ಕವಚವಿಲ್ಲದವರ ಕಡೆಗೆ ನಳಿಕೆಯನ್ನು ತಿರುಗಿಸದಿರುವುದು, ಹಕ್ಕಿ ಅಳಿಲುಗಳ ಮೇಲೆ ಎಂದೂ ಗುರಿಯಿಡದಿರುವುದು, ಮಳೆಗಾಲದಲ್ಲಿ ಹಸಿರು ತುಂಬಿದ ನೆಲದ ಮೇಲೆ ಓಡುವಾಗ ಕಾಲಡಿಯ ಕ್ರಿಮಿಕೀಟಗಳನ್ನು ನೆನೆಯುವುದು. ಮುನಿಗಳ ಸಮಿತಿಗಳನ್ನು ಗೃಹಸ್ಥರ ಮಕ್ಕಳಿಂದ ನಿರೀಕ್ಷಿಸಲಾಗದು, ಆದರೆ ಅವುಗಳ ನೆರಳನ್ನಾದರೂ ಕಲಿಸಬಹುದು. ಈ ಎಚ್ಚರ ಬಾರದವನು ಎಷ್ಟು ಚೆನ್ನಾಗಿ ಗುರಿಯಿಟ್ಟರೂ ಇನ್ನೂ ಹೊಸಬನೇ.

ಹಣದ ಪ್ರಶ್ನೆಯೂ ಹಾಗೆಯೇ. ಎಷ್ಟು ಹಣವಿದೆ ಎಂಬುದು ಅಂಗಡಿಯ ಲೆಕ್ಕ. ಎಷ್ಟು ಸಾಕು ಎಂಬುದು ಪರಿಗ್ರಹ ಪರಿಮಾಣ ವ್ರತದ ಲೆಕ್ಕ. ಅನರ್ಥದಂಡ ವಿರತಿಗೆ ಆಚಾರ್ಯರು ಹೇಳಿದ ಅತಿಚಾರಗಳಲ್ಲಿ ಅತಿಪ್ರಸಾಧನವೂ ಒಂದು: ಅಗತ್ಯಕ್ಕೆ ಮೀರಿ ಭೋಗೋಪಭೋಗ ಸಾಮಗ್ರಿಯನ್ನು ಕೂಡಿಹಾಕುವುದು. ವರ್ಷಕ್ಕೆ ಎರಡು ಮೂರು ಸಲ ಆಡುವವನಿಗೆ ಬಾಡಿಗೆಯ ಉಪಕರಣವೇ ಸಾಕು. ಅದನ್ನು ಬಿಟ್ಟು ಸ್ವಂತದ್ದೊಂದನ್ನು ಕೊಂಡು ಕಪಾಟಿನಲ್ಲಿ ಇಡುವುದಕ್ಕೆ ಮೂರ್ಛೆ, ಅಂದರೆ ಮಮಕಾರ, ಎಂಬುದರ ಹೊರತು ಬೇರೆ ಕಾರಣವಿಲ್ಲ. ಹಣ ಹೇರಳವಾಗಿದ್ದರೂ ಈ ತೀರ್ಮಾನ ಬದಲಾಗುವುದಿಲ್ಲ.

ಹಾಗಾದರೆ ಕಡೆಗೆ ಆಯ್ಕೆ ಯಾವುದು? ಜೆಲಟಿನ್ನಿನ ಗುಂಡನ್ನು ಹಾರಿಸುವ ಯಾವ ಮಾದರಿಯೂ, ಅದು ಅಗ್ಗವಾಗಿರಲಿ ಶ್ರೇಷ್ಠವಾಗಿರಲಿ, ಅಹಿಂಸಾಣುವ್ರತವನ್ನು ಮನಃಪೂರ್ವಕವಾಗಿ ಸ್ವೀಕರಿಸಿದವನಿಗೆ ಹೊಂದುವುದಿಲ್ಲ. 0.50 ಅಂಗುಲದ ಗುಂಡಿನಿಂದ ನೋವು ಕಡಿಮೆಯಾಗುತ್ತದೆ, ಪೊರೆಯ ಮೂಲ ಬದಲಾಗುವುದಿಲ್ಲ. ಅಭ್ಯಾಸಕ್ಕೆಂದು ಬಳಸುವ, ಒಡೆಯದೆ ಮತ್ತೆ ಮತ್ತೆ ಉಪಯೋಗಕ್ಕೆ ಬರುವ ರಬ್ಬರಿನಂಥ ಗುಂಡುಗಳಿವೆ. ಅವು ಒಡೆಯದ ಕಾರಣ ಪೆಟ್ಟು ಹೆಚ್ಚು, ಆದುದರಿಂದ ಫಲಕದ ಗುರಿಗೆ ಹೊಡೆಯಲು ಮಾತ್ರ ತಕ್ಕವು. ನೀರಿನಲ್ಲಿ ಉಬ್ಬುವ ಕೃತಕ ಮಣಿಗಳನ್ನು ಹಾರಿಸುವ ಆಟಿಕೆಗಳೂ ಬಂದಿವೆ. ಅವು ಪ್ರಾಣಿಜನ್ಯವಲ್ಲ, ಆದರೆ ಆ ಮಣಿಗಳನ್ನು ಎಳೆಯ ಮಕ್ಕಳು ನುಂಗಿದರೆ ಹೊಟ್ಟೆಯೊಳಗೆ ಉಬ್ಬಿ ಪ್ರಾಣಾಪಾಯ ತರಬಲ್ಲವು, ಆಡಿದ ನೆಲದಲ್ಲಿ ಚೆದುರಿ ಉಳಿಯುತ್ತವೆ. ಏನನ್ನೂ ಹಾರಿಸದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕಿರಣದಿಂದ ಗುರಿ ಮುಟ್ಟುವ ಲೇಸರ್ ಟ್ಯಾಗ್ ಎಂಬ ಆಟವು 1984ರಲ್ಲಿಯೇ ಅಮೆರಿಕೆಯ ಡಲ್ಲಾಸ್ ನಗರದಲ್ಲಿ ಸಾರ್ವಜನಿಕವಾಗಿ ಆರಂಭವಾಗಿತ್ತು. ಓಟ, ಅಡಗುವಿಕೆ, ಕೂಡಿ ಆಡುವ ಉಪಾಯ, ಇವೆಲ್ಲ ಅದರಲ್ಲಿಯೂ ಉಂಟು; ಗುಂಡಿಲ್ಲ, ಬಾಸುಂಡೆಯಿಲ್ಲ, ಪೊರೆಯಿಲ್ಲ. ದ್ರವ್ಯಹಿಂಸೆಯ ದೃಷ್ಟಿಯಿಂದ ಇವುಗಳಲ್ಲಿ ಅತ್ಯಲ್ಪ ದೋಷದ್ದು ಅದೇ. ಭಾವಹಿಂಸೆಯ ಪರೀಕ್ಷೆಯಾದರೋ ಅಲ್ಲಿಯೂ ತಪ್ಪದು. ಬೆಳಕಿನಿಂದ ಹೊಡೆಯುವವನೂ ದ್ವೇಷದಿಂದ ಹೊಡೆಯಬಲ್ಲನು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಒಂದು ಹೊಣೆಯಿದೆ. ಪಾಠಶಾಲೆಯ ಮಕ್ಕಳನ್ನೂ ತರುಣ ಸಂಘದವರನ್ನೂ ವಿನೋದಕ್ಕಾಗಿ ಕರೆದೊಯ್ಯುವಾಗ ಸ್ಥಳದ ಆಯ್ಕೆಯನ್ನು ಕೇವಲ ದರಪಟ್ಟಿಯಿಂದ ಮಾಡಬಾರದು. ತಂದೆಯು ಸ್ವಂತ ಹಣದಿಂದ ಮಾಡುವ ಆಯ್ಕೆಯಲ್ಲಿ ದೋಷ ಅವನದು. ಭಕ್ತರ ಕಾಣಿಕೆಯಿಂದ ಮಾಡಿದ ಆಯ್ಕೆಯಲ್ಲಿ ಕಾಣಿಕೆಯಿತ್ತ ಪ್ರತಿಯೊಬ್ಬನಿಗೂ, ಅವನಿಗೆ ತಿಳಿಯದಂತೆ, ಪಾಲು ಹಂಚಿದಂತಾಗುತ್ತದೆ. ಆದುದರಿಂದ ಜೆಲಟಿನ್ನಿನ ಗುಂಡಿಗೆ ಟ್ರಸ್ಟಿನ ಹಣ ಸಲ್ಲದೆಂಬ ನಿರ್ಣಯವನ್ನು ಮಂಡಳಿಗಳು ಕೈಗೊಳ್ಳುವುದು ಯೋಗ್ಯ. ಆದರೆ ನಿರ್ಣಯದ ಜೊತೆಗೆ ಅದರ ಕಾರಣವನ್ನೂ ಮಕ್ಕಳಿಗೆ ತಿಳಿಸಬೇಕು, ಬದಲಿ ಆಟವೊಂದನ್ನೂ ಏರ್ಪಡಿಸಬೇಕು. ಬರಿಯ ಬೇಡವೆಂಬ ಮಾತು ಮಕ್ಕಳನ್ನು ಬಸದಿಯಿಂದ ದೂರ ಮಾಡಬಹುದೇ ಹೊರತು ಬಂದೂಕಿನಿಂದ ದೂರ ಮಾಡಲಾರದು.

ಸಹಪಾಠಿಯ ಆಹ್ವಾನಕ್ಕೆ ಈಗಾಗಲೇ ಒಪ್ಪಿ ಹೋಗಿಬಂದ ಹುಡುಗನನ್ನು ಪಾಪಿಯೆಂದು ಜರೆಯುವುದು ಅಹಿಂಸೆಯಲ್ಲ. ವಚನದಿಂದ ನೋಯಿಸುವುದೂ ಹಿಂಸೆಯೇ. ಗುಂಡಿನ ಪೊಟ್ಟಣದ ಮೇಲೆ ಬರೆದುದನ್ನು ಅವನೊಡನೆ ಕೂತು ಓದಬಹುದು. ಯಾವುದರಿಂದ ತಯಾರಾದುದೆಂದು ಮೈದಾನದವರನ್ನು ಅವನೇ ಕೇಳಿ ಬರಲೆಂದು ಹೇಳಬಹುದು. ಹೊಡೆದಾಗ ಏನನ್ನಿಸಿತು, ಹೊಡೆಸಿಕೊಂಡಾಗ ಏನನ್ನಿಸಿತು ಎಂದು ವಿಚಾರಿಸಬಹುದು. ಮುಂದಿನ ದಶಲಕ್ಷಣ ಪರ್ವದಲ್ಲಿ ತಾನಾಗಿಯೇ ಒಂದು ಸಣ್ಣ ನಿಯಮವನ್ನು, ಒಂದು ವರ್ಷದ ಮಟ್ಟಿಗೆ, ತೆಗೆದುಕೊಳ್ಳಲು ಅವನಿಗೆ ಅವಕಾಶ ಕೊಡಬಹುದು. ಶಕ್ತಿಗೆ ತಕ್ಕ ತ್ಯಾಗವೆಂಬುದು ಷೋಡಶ ಭಾವನೆಗಳಲ್ಲಿ ಎಣಿಸಲ್ಪಟ್ಟಿದೆ. ಹದಿನಾರರ ಹುಡುಗನ ಶಕ್ತಿಯೆಷ್ಟೆಂಬುದನ್ನು ಅವನೊಡನೆ ಮಾತನಾಡದೆ ಯಾರೂ ಅಳೆಯಲಾರರು.